ಅಳಿಸಿದ ಗಾಯ

ಮಾರ್ಚ್ 4, ಸಂಜೆ

ಇವತ್ತೆಲ್ಲ ಮೊಡವೆ ತೆಗೆದೆ. ನನ್ನದಲ್ಲ, ಗಿರಾಕಿಗಳದು. ಒಬ್ಬಾಕೆಗೆ ಮೂಗು ಚಿಕ್ಕದಾಗಬೇಕಂತೆ. ಆಯಿತು. ಫೋಟೊ ಸ್ಟುಡಿಯೊ ಕಂಪ್ಯೂಟರ್ ಮುಂದೆ ಕೂತರೆ ಬ್ರಹ್ಮ ಮಾಡಿದ್ದನ್ನು ತಿದ್ದುವುದೇ ಕೆಲಸ.

ನಾಳೆ ಸ್ಪ್ಯಾನರ್‌ಗೆ ವೀಸಾ ಸಂದರ್ಶನ, ಅವನ ದೇಶದಲ್ಲಿ. ನನ್ನ ಗಂಡನಿಗೆ ಈ ಹೆಸರಿಟ್ಟಿದ್ದು ಅಕ್ಕ. ನಮ್ಮ ಸ್ಟುಡಿಯೊದ ಪ್ರಿಂಟಿಂಗ್ ಮೆಷಿನ್ ಜೋಡಿಸಲು ವಿದೇಶದಿಂದ ಬಂದವನು ನನ್ನನ್ನೇ ಕಟ್ಟಿಕೊಂಡ. ವೀಸಾ ಕೊಟ್ಟರೆ ಇಲ್ಲಿ ನನ್ನ ಜೊತೆ. ಇಲ್ಲದಿದ್ದರೆ ಫೋನಿನಲ್ಲೇ ಸಂಸಾರ.

ಮಾರ್ಚ್ 5

ಫೋನ್ ಮಾಡಿದ. ದನಿ ಸಪ್ಪಗಿತ್ತು.

"ಮದುವೆ ಫೋಟೊ ನೋಡಿದ್ರು. ನನ್ನ ಮುಖ ನೋಡಿದ್ರು. ಹುಬ್ಬಿನ ಮೇಲಿನ ಗಾಯದ ಕಲೆ ಯಾವಾಗಿಂದು ಅಂದ್ರು. ಮದುವೆಗೆ ಮುಂಚೆದು ಅಂದೆ. ಫೋಟೊದಲ್ಲಿ ಇಲ್ವಲ್ಲ ಅಂದ್ರು."

ನಾನೇ ಅಳಿಸಿದ್ದೆ. ಬೇಕಂತಲ್ಲ — ಕೈಗೆ ಅಂಟಿದ ಅಭ್ಯಾಸ. ನನ್ನ ಕಣ್ಣಿನ ಕೆಳಗಿನ ಕಪ್ಪು ಹೋಯಿತು, ಗೋಡೆಯ ಬಿರುಕು ಹೋಯಿತು, ಅವುಗಳ ಜೊತೆ ಅದೂ. ಈಗ ಮದುವೆಯೇ ಸುಳ್ಳು, ಫೋಟೊದಲ್ಲಿ ಮುಖ ಅಂಟಿಸಿದ್ದು ಅಂತ ಅಧಿಕಾರಿಗೆ ಅನುಮಾನ. ತಿದ್ದದೇ ಇರುವ ಫೋಟೊ ಬೇಕಂತೆ. ಇನ್ನೊಂದೇ ಅವಕಾಶ.

ಆ ಗಾಯ ಆಗಿದ್ದು ನಮ್ಮ ಸ್ಟುಡಿಯೊದಲ್ಲೇ. ಮೊದಲ ದಿನ, ಮೆಷಿನ್ ಮುಚ್ಚಳ ಬಡಿದು. ಹತ್ತಿ ಒತ್ತಿ ಹಿಡಿದವಳು ನಾನು. ಅದನ್ನೇ ಒರೆಸಿ ಹಾಕಿದೆನಲ್ಲ... ನಾಚಿಕೆಯಾಗುತ್ತಿದೆ.

ಮಾರ್ಚ್ 6

ಮೂಲ ಫೋಟೊ ಇಲ್ಲ. ತಿದ್ದಿದ್ದನ್ನು ಅದರ ಮೇಲೆಯೇ ಸೇವ್ ಮಾಡಿದ್ದೆ. ಕ್ಯಾಮೆರಾ ಕಾರ್ಡ್ ಯಾವತ್ತೋ ಖಾಲಿ.

ಮಾಲೀಕರು ಕನ್ನಡಕ ಹಣೆಗೇರಿಸಿದರು. "ಚೊಕ್ಕಟವಾಗಿ ಕೆಲಸ ಮಾಡಮ್ಮ ಅಂತ ದಿನಾ ಹೇಳಿದ್ದು ನಾನೇ. ಈಗ ಬೈಯೋಕೂ ಬಾಯಿಲ್ಲ ನಂಗೆ."

ಮಾರ್ಚ್ 11

ಅಕ್ಕ ಬಂದಿದ್ದಳು.

"ಮದುವೆ ದಿನ ನನ್ನ ಮೊಬೈಲಲ್ಲಿ ತೆಗ್ದಿದ್ದು ಒಂದಿದೆ ಕಣೇ. ಡಿಲೀಟ್ ಮಾಡು ಅಂತ ಕುಣಿದಾಡಿದ್ಯಲ್ಲ, ಅದು."

"ಮಾಡ್ಲಿಲ್ವಾ ನೀನು?"

"ನಿನ್ನ ಮಾತು ಯಾವತ್ತು ಕೇಳಿದೀನಿ?"

ನೋಂದಣಿ ಕಚೇರಿಯ ಮೆಟ್ಟಿಲು. ಅವನು ಹಲ್ಲುಬಿಟ್ಟು ನಗುತ್ತಿದ್ದಾನೆ, ಗಾಯ ಎದ್ದು ಕಾಣುತ್ತಿದೆ. ನನಗೆ ಬಾಯ್ತುಂಬ ಕೇಕು, ಒಂದು ಕಣ್ಣು ಅರ್ಧ ಮುಚ್ಚಿದೆ. ಥೂ. ಕಳಿಸುವ ಮುಂಚೆ ಆ ಕಣ್ಣೊಂದನ್ನು ಮಾತ್ರ... ಕೈ ಮೌಸ್ ಮೇಲೆ ಹೋಯಿತು. ಅಕ್ಕ ಪಟ್ಟನೆ ಹೊಡೆದಳು.

ಹಾಗೇ ಕಳಿಸಿದೆ.

ಏಪ್ರಿಲ್ 20

ಎರಡನೇ ಸಂದರ್ಶನ ಮುಗಿಯಿತು. ವೀಸಾ ಅಧಿಕಾರಿ ನನಗೂ ಫೋನ್ ಮಾಡಿ, ಗಾಯ ಹೇಗಾಯಿತು ಅಂತ ಕೇಳಿದರು. ಮುಚ್ಚಳ, ಹತ್ತಿ, ಎಲ್ಲ ಹೇಳಿದೆ.

ಅವನನ್ನೂ ಬೇರೆಯಾಗಿ ಕೇಳಿದರಂತೆ. "ನಾನೂ ಹತ್ತಿ ಅಂದೆ. ನಿನ್ನ ಕೇಕ್ ಫೋಟೊ ನೋಡಿ ಅವರು ನಕ್ರು."

ನಗಲಿ ಬಿಡು.

ಜೂನ್ 17, ವಿಮಾನ ನಿಲ್ದಾಣ

ವೀಸಾ ಸಿಕ್ಕಿತು ಅಂತ ಬರೆಯಲೂ ಪುರುಸೊತ್ತಾಗಿರಲಿಲ್ಲ. ವಿಮಾನ ಇಳಿದಿದೆ. ಅಕ್ಕ ಮೊಬೈಲ್ ಹಿಡಿದು ನಿಂತಿದ್ದಾಳೆ. ನನ್ನ ಕೂದಲು ಕೆದರಿದೆ, ಹಾಗೇ ಫೋಟೊ ತೆಗೆಯಲಿ. ಬಾಗಿಲು ತೆರೆಯಿತು. ಇವನಲ್ಲ. ಇವನೂ ಅಲ್ಲ. ಅಗೋ, ಟೋಪಿ ಹಾಕಿದವನು — ತೆಗೆಯುತ್ತಿದ್ದಾನೆ. ಹುಬ್ಬಿನ ಮೇಲೆ ಅದೇ—