ಡಾಲರ್ ತರುವ ಕೆಲಸ

ನವೆಂಬರ್ 3, ಸೋಮವಾರ

ಎದ್ದೆ. ಕಾಫಿಗೂ ಮೊದಲು ಮೊಬೈಲಿನಲ್ಲಿ ಡಾಲರ್ ರೇಟು ನೋಡಿದೆ. ಮೊನ್ನೆಗಿಂತ ಆರು ಪೈಸೆ ಜಾಸ್ತಿ. ಇರಲಿ, ಇಳಿಯುತ್ತದೆ. ಕೊಳ್ಳುವವನು ಅವಸರ ಮಾಡಿದರೆ ಕೆಟ್ಟ ಅಂತ ಅಪ್ಪ ಹೇಳುತ್ತಿದ್ದರು. ಈ ಕೆ.ಆರ್. ಪೇಟೆಯಲ್ಲೇ ಜೀವಮಾನವಿಡೀ ಚಿನ್ನದ ಕೆಲಸ ಮಾಡಿದವರು. ನಾನು ಕರೆಂಟ್ ಆಫೀಸಿನಲ್ಲಿ ಗುಮಾಸ್ತನಾಗಿ ರಿಟೈರ್ ಆದೆ. ಆದರೂ ರಕ್ತ ಅದೇ ತಾನೆ.

ವೀಣ ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ ಅಂದಳು: "ಮುಂಚೆ ಎದ್ದೇಟ್ಗೆ ದೇವ್ರ ಮಕ ನೋಡ್ತಿದ್ರಿ. ಈಗ ಡಾಲರ್ ಮಕ."

ಹೆಂಡತಿ ಬೈಯುವುದರಲ್ಲೂ ನ್ಯಾಯವಿದೆ. ಬ್ಲೌಸ್ ಹೊಲಿದ ದುಡ್ಡಿನಲ್ಲಿ ಇಬ್ಬರಿಗೂ ಕಾಂಬೋಡಿಯಾಕ್ಕೆ ಟಿಕೆಟ್, ರೂಮು, ವೀಸಾ, ಎಲ್ಲ ಅವಳೇ ಮಾಡಿದ್ದಾಳೆ. ಜನವರಿ ಹದಿನೇಳಕ್ಕೆ ಪ್ರಯಾಣ. ಅಲ್ಲಿನ ಅಂಕೋರ್ ವಾಟ್ ದೇವಸ್ಥಾನ ನೋಡಬೇಕೆಂಬುದು ಮದುವೆಗೆ ಮುಂಚಿನಿಂದ ಅವಳಿಗಿರುವ ಆಸೆ. ಮಾವ ನಾಗಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುತ್ತಿದ್ದವರು. ಆ ದೇವಸ್ಥಾನದ ಕಥೆ ಹೇಳಿ ಹೇಳಿ, "ನಮ್ಮಂಗೆ ಕೈಕೆಲ್ಸದೋರೇ ಮಾಡಿರಾದು ಕಣವ್ವ" ಅನ್ನುತ್ತಿದ್ದರಂತೆ. ಅವರು ನೋಡದೆ ಹೋದರು.

ನಾನು ಕಾಶಿ ಟ್ರಿಪ್ಪು ಕ್ಯಾನ್ಸಲ್ ಮಾಡಿಸಿದವನು. ಸೀಸನ್ ರೇಟು ಅಂತ. ಕನ್ಯಾಕುಮಾರಿಯೂ ಹಾಗೇ ಆಯಿತು.

"ನಿಮ್ಗೆ ಒಂದೇ ಕೆಲ್ಸ," ಅಂದು ನಲವತ್ತಾರು ಸಾವಿರ ಕೈಗಿಟ್ಟಳು. "ಐನೂರು ಡಾಲರ್ ತಂದ್ಬುಡಿ. ಈ ಸಲಾನೂ ಎಡವಟ್ಟು ಮಾಡುದ್ರೆ ನಾನೊಬ್ಳೇ ನೋಡ್ಕಂಡ್ ಬತ್ತೀನಿ, ಅಷ್ಟೆಯ."

ನವೆಂಬರ್ 9, ಭಾನುವಾರ

ಶ್ರೀರಂಗಪಟ್ಟಣದಲ್ಲಿ ಗೃಹಪ್ರವೇಶ. ಊಟ ಮುಗಿಸಿ ಗಂಜಾಂಗೆ ಹೋಗಿ ಜಲೀಲನನ್ನು ಕಂಡೆ. ಹಳೇ ಸ್ನೇಹಿತ. ಬಹಳ ವರ್ಷ ಶಾರ್ಜಾದಲ್ಲಿದ್ದು ಬಂದು ಈಗ ಟೂರಿಸ್ಟ್ ಕಾರು ಓಡಿಸುತ್ತಾನೆ. ಪರದೇಶದ ದುಡ್ಡಿನ ವಿಷಯ ಅವನಿಗೆ ನೀರು ಕುಡಿದಷ್ಟು ಸಲೀಸು.

"ರಘಣ್ಣ, ಕಮಿಷನ್ ಇಲ್ಲ ಅಂತ ಬೋರ್ಡ್ ಹಾಕ್ಕಂಡಿರ್ತಾರಲ್ಲ, ಅವ್ರು ರೇಟ್‌ನಾಗೇ ಮಡಿಕಂಡಿರ್ತಾರೆ. ನೀವು ಒಂದೇ ಮಾತು ಕೇಳಿ. ಐನೂರು ಡಾಲರ್ ನನ್ ಕೈಗ್ ಬರ್ಬೇಕು ಅಂದ್ರೆ ಟೋಟಲ್ ಎಷ್ಟ್ ಕೊಡ್ಬೇಕು? ಬಸ್."

ಕೂಲಿ ಇಲ್ಲ ಅಂತ ಹೇಳಿ ವೇಸ್ಟೇಜಿನಲ್ಲಿ ಎಳೆದುಕೊಳ್ಳುವ ಒಡವೆ ಅಂಗಡಿ ನೆನಪಾಯಿತು. ಎಲ್ಲ ಒಂದೇ ಜಾತಿ.

"ಅರ್ಧ ಈಗ್ಲೇ ತಗಳಿ, ಅರ್ಧ ಆಮ್ಯಾಕೆ. ರೇಟು ಯಾರಪ್ಪನ ಮನೆ ಆಳೂ ಅಲ್ಲ. ಏರ್‌ಪೋರ್ಟ್‌ನಾಗೆ ಮಾತ್ರ ಬ್ಯಾಡಿ. ಒಂದ್ ಕಾರ್ಡ್ ಜೊತೇಲಿರ್ಲಿ."

ಕಾರ್ಡಿಗೆ ಬ್ಯಾಂಕಿನವರು ಮೂರೂವರೆ ಪರ್ಸೆಂಟ್ ಹಿಡಿಯುತ್ತಾರೆ. ಹಗಲು ದರೋಡೆ. ಬೇಡವೇ ಬೇಡ ಅಂದೆ. ಜಲೀಲ ನಕ್ಕ. ಬೆಂಗಳೂರಿನ ಏರ್‌ಪೋರ್ಟಿಗೆ ತಾನೇ ಬಿಡುತ್ತೇನೆ, ಡೀಸೆಲ್ ಹಾಕಿಸಿದರೆ ಸಾಕು ಅಂದ. ಇಂಥವನು ಸಿಕ್ಕಿದ್ದು ನನ್ನ ಪುಣ್ಯ.

ನವೆಂಬರ್ 28

ಇಳಿದಿಲ್ಲ. ಕಾಯುತ್ತಿದ್ದೇನೆ.

ಡಿಸೆಂಬರ್ 4, ಗುರುವಾರ

ತೊಂಬತ್ತು ದಾಟಿತು. ವೀಣಳಿಗೆ ಹೇಳಲಿಲ್ಲ. ಟಿವಿಯವನು ಹೇಳಿಬಿಟ್ಟ. ಅವಳು ಉಪ್ಪಿಟ್ಟು ಬಡಿಸಿ ಮಿಷಿನ್ನಿಗೆ ಕೂತಳು. ಬೈದಿದ್ದರೆ ಎಷ್ಟೋ ವಾಸಿ. ಅರ್ಧ ಅವತ್ತೇ ಕೊಂಡಿದ್ದರೆ... ಅತಿ ಆಸೆ ಗತಿಗೇಡು.

ಡಿಸೆಂಬರ್ 6, ಶನಿವಾರ

ಮೈಸೂರು. ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ಟಿಕೆಟ್ ಎಲ್ಲ ಹಿಡಿದುಕೊಂಡು ಹೋದೆ. ಬ್ಯಾಂಕಿನವರು ಎರಡು ದಿನ ಬಿಟ್ಟು ಬನ್ನಿ ಅಂದರು. ಕಮಿಷನ್ ಇಲ್ಲ ಅಂತ ದೊಡ್ಡ ಬೋರ್ಡಿದ್ದ ಅಂಗಡಿಗೆ ಹೋಗಿ ಜಲೀಲ ಹೇಳಿದಂತೆ ಟೋಟಲ್ ಕೇಳಿದೆ. ಅವರು ಹೇಳಿದ ಲೆಕ್ಕಕ್ಕೆ ಬಂದ ದಾರಿ ಹಿಡಿದೆ. ಮೂರನೆಯದು ಮೆಟ್ಟಿಲು ಕೆಳಗಿನ ಸಣ್ಣ ಅಂಗಡಿ. ಕೌಂಟರಿನಲ್ಲಿ ಸ್ನೇಹ ಅಂತ ಹುಡುಗಿ. ಊರು ಕೇಳಿದಳು. ಅವಳ ತಾಯಿಯ ಊರು ನಮ್ಮ ತಾಲ್ಲೂಕಿನ ಸಂತೆಬಾಚಹಳ್ಳಿಯಂತೆ. ಅಲ್ಲಿಗೆ ನಮ್ಮವಳೇ ಆದಳು.

"ಅಂಕಲ್, ಇನ್ನೊಂದ್ ಕಡೆ ಕೇಳ್ಕಂಡೇ ಬನ್ನಿ. ನಾನೇನೂ ಅಂದ್ಕಳಲ್ಲ," ಅಂದಳು. ಹೀಗೆ ಹೇಳುವ ಅಂಗಡಿಯವರನ್ನು ನಾನು ಕಂಡಿಲ್ಲ. ಕೇಳಿಕೊಂಡು ಬಂದೆ. ಅವಳದೇ ಕಡಿಮೆ. ಮೇಲೆ ಇಪ್ಪತ್ತು ಪೈಸೆ ಚೌಕಾಸಿ ಮಾಡಿದೆ, ಬಿಟ್ಟಳು. ನೂರರ ನೋಟು ಮೂರು. ಗರಿಗರಿ. "ಮಡಚಬೇಡಿ" ಅಂದು ಕವರು ಕೊಟ್ಟಳು. ದಾರಿಯುದ್ದಕ್ಕೂ ಎದೆಗೆ ಒತ್ತಿಕೊಂಡೇ ಬಂದೆ, ಮಡಚಲಿಲ್ಲ.

ಜನವರಿ 8, ಗುರುವಾರ

ಉಳಿದ ಎರಡು ನೋಟೂ ಸ್ನೇಹಳ ಹತ್ತಿರವೇ ತಂದೆ. ಕೊಟ್ಟ ದುಡ್ಡಿನಲ್ಲಿ ಕೆಲಸ ಮುಗಿದು ಬಸ್ ಚಾರ್ಜಿಗೂ ಮಿಕ್ಕಿತು. ವೀಣ ನೋಟು ತಿರುಗಿಸಿ ನೋಡಿ, "ಪರವಾಗಿಲ್ಲ, ಆಯ್ತು ನಿಮ್ ಕೈಲೂ," ಅಂದಳು. ರಿಟೈರ್‌ಮೆಂಟ್ ದಿನ ಹಾರ ಹಾಕಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಜನವರಿ 9, ಶುಕ್ರವಾರ

ವೀಣ ಅಣ್ಣನಿಗೆ ಹೇಳಿಬರಲು ನಾಗಮಂಗಲಕ್ಕೆ ಹೋಗಿದ್ದಾಳೆ. ಪೂಜೆ ನನ್ನದು. ದೇವರ ಮುಂದೆ ಐದೂ ನೋಟು ಹರಡಿದೆ. ಒಂದೊಂದಕ್ಕೂ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮದ ಬೊಟ್ಟಿಟ್ಟೆ. ಹೊಸ ದುಡ್ಡು ಮನೆಗೆ ಬಂದರೆ ಅಪ್ಪ ಮಾಡುತ್ತಿದ್ದದ್ದೂ ಹೀಗೇ. ನನ್ನ ಮೊದಲ ಸಂಬಳಕ್ಕೂ ಅವರೇ ಇಟ್ಟಿದ್ದರು. ಆರಿದ ಮೇಲೆ ಕವರಿಗೆ ಸೇರಿಸಿ ಬೀರುವಿನಲ್ಲಿಟ್ಟೆ. ತಾಯಿ, ನಿನ್ನ ದಯೆ. ಯಾವ ವಿಘ್ನವೂ ಬಾರದಿರಲಿ.

ಜನವರಿ 17, ಶನಿವಾರ, ಏರ್‌ಪೋರ್ಟು

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಜಲೀಲ ಸಮಯಕ್ಕೆ ಸರಿಯಾಗಿ ಬಂದ. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನಾಗಿಯೇ ಕವರು ತೆಗೆದೆ. ಎಂಥ ರೇಟಿಗೆ ತಂದಿದ್ದೇನೆ ನೋಡು ಅಂತ. ಅವನು ನೋಟು ನೋಡಿದ. ಲೋಟ ಕೆಳಗಿಟ್ಟ.

"ಯಾ ಅಲ್ಲಾ. ನೋಟ್ಗೆ ಕುಂಕುಮ ಇಕ್ಕಿದ್ದೀರಲ್ಲ ರಘಣ್ಣ."

"ಪೂಜೆ ಮಾಡ್ದೆ. ಯಾಕ್ಲಾ?"

"ಅಲ್ಲಿ ಡಾಲರ್ ಮ್ಯಾಲೆ ಪೆನ್ನಿನ ಗೀಟಿದ್ರೂ ಈಸ್ಕಳಲ್ಲ. ಚೂರು ಹರ್ದಿದ್ರೂ ವಾಪಸ್ಸು. ಇದು ನೋಡುದ್ರೆ ಮದ್ವಣಗಿತ್ತಿ ಆಗೈತೆ."

ಒದ್ದೆ ಕರ್ಚೀಫಿನಲ್ಲಿ ಒರೆಸಿದೆ. ಬೊಟ್ಟು ಹೋಗಿ ಅಷ್ಟಗಲ ಕೆಂಪಾಯಿತು. ವೀಣ ಕಿಟಕಿಯಾಚೆ ನೋಡುತ್ತಿದ್ದಳು. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಎದೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಕಾಫಿ ಮುಗಿಸಿದಳು. 

ಏರ್‌ಪೋರ್ಟಿನ ಡಾಲರ್ ಕೌಂಟರಿನವನು ಐದೂ ನೋಟನ್ನು ಹಿಂದಕ್ಕೆ ತಳ್ಳಿದ. ಹೊಸದಕ್ಕೆ ಅವನು ಹೇಳಿದ ರೇಟು ಇಲ್ಲಿ ಬರೆಯಲಾರೆ, ಹೊಟ್ಟೆ ಉರಿಯುತ್ತದೆ. ವೀಣ ಇನ್ನೂರು ತಗೊಳ್ಳಿ ಅಂದಳು. ನಾನು ನೂರು ಮಾತ್ರ ತಗೊಂಡೆ. ನೋಟು ನೋಟೇ ತಾನೆ, ಅಲ್ಲಿ ಯಾರಾದರೂ ಒಂದಾದರೂ ತಗೊಂಡಾರು.

ಜಲೀಲ ಡೀಸೆಲಿನ ದುಡ್ಡೂ ಮುಟ್ಟಲಿಲ್ಲ. "ಬಂದ್ಮ್ಯಾಲೆ ಕೊಡೀರಂತೆ. ಭಾಭಿನ ಚೆನ್ನಾಗಿ ನೋಡ್ಕಳಿ," ಅಂದು ಬ್ಯಾಗು ಇಳಿಸಿ ಹೋದ. ನನ್ನ ಪೆದ್ದತನ ಕಂಡೂ ಒಂದು ಮಾತು ಹೀಯಾಳಿಸಲಿಲ್ಲ.

ಜನವರಿ 18, ಭಾನುವಾರ, ಸಿಯಮ್ ರೀಪ್

ಅಂಕೋರ್ ವಾಟ್ ಇರುವ ಊರಿಗೆ ಬಂದಿಳಿದೆವು. ವಿಮಾನದಲ್ಲಿ ವೀಣ ಕಿಟಕಿ ಬಿಟ್ಟು ಕದಲಲಿಲ್ಲ. ರೂಮು ಚೆನ್ನಾಗಿದೆ, ಬಾಗಿಲಲ್ಲಿ ಸಂಪಿಗೆ ಥರದ ಮರ.

ಹೋಟೆಲಿನವರು ಕುಂಕುಮದ ನೋಟು ತಗೊಳ್ಳಲಿಲ್ಲ. ಕೈಮುಗಿದು ನಗುತ್ತಾ ಬೇಡ ಅಂದರು. ಬೀದಿಯ ಎಕ್ಸ್‌ಚೇಂಜಿನವಳು ಮುಟ್ಟಲೂ ಇಲ್ಲ. ನೂರರಲ್ಲಿ ಟ್ಯಾಕ್ಸಿಗೆ ಮೂವತ್ತು, ಊಟಕ್ಕೆ ಹನ್ನೆರಡು ಹೋಯಿತು. ಉಳಿದದ್ದು ಐವತ್ತೆಂಟು. ಬೆಳಿಗ್ಗೆ ದೇವಸ್ಥಾನದ ಪಾಸು ಒಬ್ಬರಿಗೆ ಮೂವತ್ತೇಳಂತೆ. ಇಬ್ಬರಿಗೆ ಎಪ್ಪತ್ತನಾಲ್ಕು. ಮತ್ತೆ ಮತ್ತೆ ಕೂಡಿ ನೋಡಿದೆ, ಬೇರೆ ಉತ್ತರ ಬರಲಿಲ್ಲ. ನನ್ನ ಕಾರ್ಡು ಇಲ್ಲಿ ನಡೆಯುವುದಿಲ್ಲ. ಬೇಡವೇ ಬೇಡ ಅಂದವನು ನಾನೇ.

ವೀಣ ಎಲ್ಲ ಕೇಳಿಸಿಕೊಂಡಳು. "ಮನೀಕಳಿ. ಬೆಳಿಗ್ಗೆ ನೋಡಣ," ಅಂದಳು.

ಜನವರಿ 19, ಸೋಮವಾರ

ದೇವಸ್ಥಾನದ ಒಳಗೆ, ಕಲ್ಲಿನ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮರೆಯುವುದಕ್ಕೆ ಮೊದಲು ಬರೆದಿಡಬೇಕು.

ಟಿಕೆಟ್ ಕೌಂಟರಿನಲ್ಲಿ ಮೊದಲು ಕುಂಕುಮದ ನೋಟನ್ನೇ ಕೊಟ್ಟೆ. ಭಂಡಧೈರ್ಯ. ಹುಡುಗಿ ಬೆರಳ ತುದಿಯಲ್ಲಿ ವಾಪಸ್ ಸರಿಸಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ವೀಣಳ ಕೈಗೆ ಐವತ್ತೆಂಟು ಡಾಲರನ್ನೂ ಇಟ್ಟೆ.

"ನೀನು ಹೋಗಿ ನೋಡ್ಕಂಡ್ ಬಾ. ನಾನು ಇಲ್ಲೇ ಬೆಂಚಿನ ಮ್ಯಾಲೆ ಕೂತಿರ್ತೀನಿ. ನಿಮ್ಮಪ್ಪನ ಆಸೆ, ನಿನ್ನಾಸೆ. ನಂದೇನೈತೆ ಇಲ್ಲಿ. ಈ ಸಲಾನೂ ನಾನೇ ಕೆಡಿಸ್ದೆ. ತಪ್ಪಾಯ್ತು ವೀಣ."

ಮದುವೆಯಾದಾಗಿನಿಂದ ಈ ಮಾತು ಅವಳಿಗೆ ಹೇಳಿದ್ದು ಇದೇ ಮೊದಲು. 

ಅವಳು ದುಡ್ಡು ವಾಪಸ್ ನನ್ನ ಜೇಬಿಗೆ ತುರುಕಿದಳು. ತನ್ನ ಪರ್ಸಿನಿಂದ ಕಾರ್ಡು ತೆಗೆದು ಹುಡುಗಿಗೆ ಕೊಟ್ಟಳು. ಎರಡು ಬೆರಳು ತೋರಿಸಿದಳು. ಹೊಲಿಗೆ ದುಡ್ಡಿನ ಅಕೌಂಟು. ಊರಲ್ಲೇ ತಾನೇ ಬ್ಯಾಂಕಿಗೆ ಹೋಗಿ ಹೊರದೇಶಕ್ಕೆ ಆನ್ ಮಾಡಿಸಿಕೊಂಡಿದ್ದಳಂತೆ.

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನಿಮ್ಗೆ ಅಂತ ಕೊಟ್ಟಿದ್ ಒಂದ್ ಕೆಲ್ಸ. ನಿಮ್ ಕೈಲೇ ಆಗ್ಲಿ ಅಂತ ಸುಮ್ಕಿದ್ದೆ."

ಪಾಸಿಗೆ ಫೋಟೋ ತೆಗೆದರು. ನನ್ನದರಲ್ಲಿ ಕಣ್ಣು ಒದ್ದೆಯಾಗಿ, ಬಾಯಿ ತೆರೆದು ನಿಂತಿದ್ದೇನೆ. ಎಷ್ಟು ಕಟ್ ಆಯಿತು ಅಂತ ಕೇಳಲು ನನಗೆ ಮನಸ್ಸು ಬರಲಿಲ್ಲ.

ನೀರಿನ ಮೇಲಿನ ಕಲ್ಲು ಸೇತುವೆ ದಾಟುವಾಗ ಕೇಳಿಯೇಬಿಟ್ಟೆ. "ಒಬ್ಳೇ ನೋಡ್ಕಂಡ್ ಬತ್ತೀನಿ ಅಂದಿದ್ಯಲ್ಲ. ಒಂದ್ ಪಾಸಿಗೆ ಕಾಸಿತ್ತು."

ಅವಳು ನಿಂತಳು. ಗೋಪುರ ಎದುರಿಗೇ ಇತ್ತು. ಅದನ್ನು ನೋಡದೆ ನನ್ನನ್ನೇ ನೋಡಿದಳು.

"ಒಬ್ಳೇ ನೋಡಂಗಿದ್ರೆ ಮೂವತ್ತೊಂದು ವರ್ಸ ಯಾಕ್ ಕಾಯ್ತಿದ್ದೆ? ನನ್ ತಾವ ದುಡ್ಡಿರ್ಲಿಲ್ವಾ?"

ಅಷ್ಟೇ ಹೇಳಿ ಮುಂದೆ ನಡೆದಳು. ಈಗ ಅಗೋ, ಕಂಬಕ್ಕೆ ಕೈಯಿಟ್ಟು ಕಲ್ಲಿನ ಕೆತ್ತನೆಯನ್ನು ಬೆರಳಿಂದ ತೋರಿಸುತ್ತಾ ಒಬ್ಬಳೇ ಅದೇನೋ ಮಾತಾಡುತ್ತಿದ್ದಾಳೆ. ತೀರಿಹೋದ ಅವಳ ಅಪ್ಪನ ಹತ್ತಿರ ಇರಬೇಕು. ಇಷ್ಟು ವರ್ಷ ನಾನೇ ಅವಳನ್ನು ಕಟ್ಟಿಹಾಕಿದ್ದೇನೆ ಅಂದುಕೊಂಡಿದ್ದೆ. ಅವಳೊಬ್ಬಳೇ ಕಾಶಿಗೆ ಹೋಗಬಹುದಿತ್ತು, ತಡೆದವರು ಯಾರು. ಅವಳು ನಾನು ಬರಲಿ ಅಂತ ಕಾದಿದ್ದಳು.