ಜೊತಿಗಿರೋರ ಸೈ

ಲೇ ಶಾಂಭವಿ,

ನೀನು ಎಲ್ಲಿದ್ದಿ ಅಂತ ನನಗ ಗೊತ್ತಿಲ್ಲ. ಗೊತ್ತಿದ್ರೂ ಇದನ್ನ ಕಳಿಸೋ ಮುಖ ನನಗಿಲ್ಲ. ಆದ್ರ ಇವತ್ತು ವಾರ್ಡಿನ್ಯಾಗ ನಡದದ್ದು ನಿನಗ ಹೇಳಬೇಕು ಅನ್ನಿಸ್ತು.

ಹೊಸಹಳ್ಳಿ ಕಡಿಂದ ಇಬ್ರು ಹುಡುಗ್ಯಾರು ಬಂದಿದ್ರು. ಒಬ್ಬಾಕಿಗೆ ಅಪೆಂಡಿಕ್ಸ್ ಆಪರೇಷನ್. ಜೊತಿಗಿರೋರ ಸೈ ಬೇಕಲ್ಲ, ಇನ್ನೊಬ್ಬಾಕಿಗೆ ಫಾರಂ ಕೊಟ್ಟೆ. ಸಂಬಂಧ ಅನ್ನೋ ಕಡಿ ಬಂದು ಆಕಿ ಪೆನ್ನು ನಿಂತುಬಿಡ್ತು.

"ಅಕ್ಕ ಅಂತ ಬರೀಲೇನ್ರಿ ಸಿಸ್ಟರ್?"

ಆಕಿ ಮುಖ ನೋಡಿದ ಕೂಡ್ಲೆ ನನಗ ತಿಳೀತು. "ನಿನಗ ಹ್ಯಾಂಗ ಬೇಕೋ ಹಂಗ ಬರಿಯವ್ವ" ಅಂದೆ. ಆಕಿ 'ಗೆಳತಿ' ಅಂತ ಬರದ್ಲು.

ಡಾಕ್ಟ್ರು ಅದನ್ನ ನೋಡಿ, "ಅಣ್ಣತಮ್ಮ ಯಾರೂ ಬಂದಿಲ್ಲೇನು?" ಅಂದ್ರು.

"ಇವರ ಸೈ ಸಾಕ್ರಿ ಸರ್" ಅಂದೆ.

ಹಿಂಗ ಜೋಡಿಯಾಗಿ ಬಾಳೋ ಹೆಣ್ಣುಮಕ್ಕಳು ಬಂದ್ರ ಹ್ಯಾಂಗ ನೋಡ್ಕೋಬೇಕು ಅಂತ ಹೋದ ತಿಂಗಳು ನಮಗ ಅರ್ಧ ದಿನ ಟ್ರೇನಿಂಗ್ ಇತ್ತು. ಡಾಕ್ಟ್ರು ಚಾ ಕುಡುದು ಎದ್ದು ಹೋದ್ರು. ನಾನು ಕೊನಿತನಕ ಕುಂತಿದ್ದೆ. ಆ ಪಾಠ ನನಗ ಆರು ವರ್ಷ ತಡ ಆತು.

ನೀನು ಜ್ವರ ಅಂತ ಬಂದಾಗ, ಮನಿಯವರೇ ಬೇಕು ಅಂತ ನಿನ್ನ ಜೋಡಿ ಬಾಳತಿದ್ದ ಅಮೃತಾನ್ನ ಹೊರಗ ಕುಂದ್ರಿಸಿ, ಕೊಟ್ಟೂರಿಗೆ ನಿಮ್ಮಣ್ಣಗ ಫೋನ್ ಮಾಡಿದಾಕಿ ನಾನು. ಸಂಜಿಕ ಅವ ಬಂದು ನಿನ್ನ ಕರ್ಕೊಂಡು ಹೋದ. ಅಮೃತಾ ಇನ್ನೂ ನನ್ನ ಜೋಡಿ ಮಾತಾಡಲ್ಲ.

ಇವತ್ತು ಸ್ಟ್ರೆಚರ್ ತಳ್ಳೋವಾಗ ಅದರ ಮ್ಯಾಲೆ ಮಲಗಿದ್ದ ಹುಡುಗಿ ನನ್ನ ಕೈ ಹಿಡುದು, "ನಮ್ಮ ಮನಿಗೆ ಫೋನ್ ಮಾಡಬ್ಯಾಡ್ರಿ ಸಿಸ್ಟರ್" ಅಂದ್ಲು.

"ಇಲ್ಲವ್ವ, ಮಾಡಲ್ಲ" ಅಂದೆ.

ನೀನು ಕೇಳಿದಾಗಲೂ ಇದ ಮಾತು ಹೇಳಿದ್ದೆ.

ನಾಗವೇಣಿ
ಕೂಡ್ಲಿಗಿ