ಮುಕುಂದರು ತೋರಿಸಿದ ಯುರೋಪು

ಹಿರೋಷಿಮಾ,
ಜೂನ್ ೧೪, ೨೦೨೫, ಶನಿವಾರ

ಸಾಹಿ ಪುಟ್ಟಾ,

ಅಮ್ಮನ ಆಶೀರ್ವಾದ. ಕೆಮ್ಮು ಹೋಯಿತೇ? ಹೋಯಿತು ಎಂದು ನೀನು ಹೇಳುತ್ತೀಯ, ಆದರೆ ಹೋದ ತಿಂಗಳು ಫೋನಿನಲ್ಲಿ ಮಾತಿನ ಮಧ್ಯೆ ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದು ನನಗೆ ಗೊತ್ತಾಯಿತು. ಬ್ರಸೆಲ್ಸಿನ ಮನೆಯ ಗೋಡೆಯಲ್ಲಿ ತೇವ ಇದೆ ಎಂದಿದ್ದೆಯಲ್ಲ, ಹಾಸಿಗೆಯನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದುಕೋ. ಸಾರಿನ ಪುಡಿ ಮುಗಿದಿದ್ದರೆ ಹೇಳು. ಬೆಳಗಿನ ತಿಂಡಿ ಬಿಟ್ಟು ಬರೀ ಕಾಫಿ ಕುಡಿದು ಆಫೀಸಿಗೆ ಓಡಬೇಡ. ಇಲ್ಲಿ ಮಳೆಗಾಲ ಶುರುವಾಗಿದೆ, ಬಟ್ಟೆ ಒಣಗುತ್ತಿಲ್ಲ, ಇಡೀ ಮನೆ ಒದ್ದೆ ಟವೆಲಿನ ವಾಸನೆ ಹೊಡೆಯುತ್ತಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ, ಕಾರು ಕಂಪನಿಯ ಕೆಲಸ ಎಂದಿನಂತೆ ನಡೆದಿದೆ. ಸದ್ಯಕ್ಕೆ ನಾವಿಬ್ಬರೂ ಅಷ್ಟಾಗಿ ಮಾತಾಡುತ್ತಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ಮೀಟಿಂಗ್ ಬಂತು ಎಂದು ನೀನು ಇಟ್ಟುಬಿಡುತ್ತೀಯ. ಆರನೇ ಕ್ಲಾಸಿನವರೆಗೆ ಮೈಸೂರಿನಲ್ಲಿ ಓದಿದವಳು, ನನ್ನ ಅಕ್ಷರ ಓದಲು ನಿನಗೆ ಬರುತ್ತದೆ. ನಿಧಾನವಾಗಿಯೇ ಓದು, ಆದರೆ ಪೂರ್ತಿ ಓದು.

ಮುಕುಂದ ಎನ್ನುವವರೊಬ್ಬರು ಏಪ್ರಿಲ್ ಕೊನೆಯಲ್ಲಿ ನನಗೆ ಫೋನ್ ಮಾಡಿದರು. ಇರುವುದು ಯೋಕೋಹಾಮಾದಲ್ಲಂತೆ, ಊರು ಮೈಸೂರಂತೆ, ಹಿರೋಷಿಮಾಕ್ಕೆ ಬರುತ್ತಿದ್ದೇನೆ, ನಮ್ಮವರನ್ನೆಲ್ಲ ಒಮ್ಮೆ ನೋಡಬೇಕು ಎಂದರು. ನನ್ನ ನಂಬರ್ ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ನಮ್ಮವರು ಅಂದ್ಮೇಲೆ ನಂಬರ್ ಸಿಗದೇ ಇರತ್ತಾ ಅಮ್ಮಾ?" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಆದರೂ ಪರದೇಶದಲ್ಲಿ ಕನ್ನಡದವರೊಬ್ಬರು ಬರುತ್ತೇನೆ ಎಂದಾಗ ಬೇಡ ಎನ್ನುವುದು ಹೇಗೆ? ಭಾನುವಾರ ಊಟಕ್ಕೆ ಕರೆದೆ. ಐವತ್ತರ ಆಸುಪಾಸಿನ ಮನುಷ್ಯ, ಗರಿಗರಿ ಅಂಗಿ, ಶೂಗಳನ್ನು ಜಪಾನಿಯರ ಹಾಗೆ ಬಾಗಿಲ ಕಡೆಗೆ ತಿರುಗಿಸಿಟ್ಟು ಒಳಗೆ ಬಂದರು. ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಸಾರು ಬಡಿಸಿದೆ. ತುತ್ತು ಬಾಯಿಗೆ ಹೋಗುವ ಮೊದಲೇ "ಆಹಾ, ಇದು ರುಚಿ ಅಂದ್ರೆ" ಎಂದರು. ತಿನ್ನದೇ ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ, ನಿನಗೆ ಗೊತ್ತಲ್ಲ. ಮೈಸೂರಿನಲ್ಲಿ ಎಲ್ಲಿ ಎಂದು ಕೇಳಿದೆ, ಸರಸ್ವತಿಪುರಂ ಎಂದರು. ಎಷ್ಟನೇ ಮೇನು ಎಂದರೆ "ಅಲ್ಲೇ, ಪಾರ್ಕ್ ಹತ್ರ" ಎಂದರು. ನಿಮ್ಮಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮುಕುಂದರು ಹೋದ ಮೇಲೆ "ಊಟಕ್ಕೆ ಕರೆದು ಪೊಲೀಸಿನವರ ಥರ ವಿಚಾರಿಸ್ತೀಯಲ್ಲೇ" ಎಂದು ರೇಗಿದರು. ಆದರೆ ನನಗೆ ಮೇನು, ಕ್ರಾಸಿಗಿಂತ ದೊಡ್ಡ ಅನುಮಾನ ಹುಟ್ಟಿದ್ದು ಇನ್ನೊಂದು ಮಾತಿಗೆ. ಕೈ ತೊಳೆಯುತ್ತಾ ಆ ಮನುಷ್ಯ "ಸಾಹಿತ್ಯ ಈ ಸಲ ಬೇಸಿಗೆಗೆ ಬರ್ತಾಳಾ ಅಮ್ಮಾ?" ಎಂದಿದ್ದರು. ನಿನ್ನ ಹೆಸರನ್ನು ನಾನಂತೂ ಅವರಿಗೆ ಹೇಳಿರಲಿಲ್ಲ.

ನಿನ್ನ ಕೆಲಸದ ಬಗ್ಗೆ ನೀನು ಮೊದಲ ಸಲ ಹೇಳಿದ್ದು ನೆನಪಿದೆಯೇ? ಸ್ಪೇನಿನ ನರ್ಸು ಜರ್ಮನಿಗೆ ಹೋಗಬಹುದು, ಪೋರ್ಚುಗಲ್ಲಿನ ಡ್ರೈವರು ಡೆನ್ಮಾರ್ಕಿಗೆ ಹೋಗಬಹುದು, ಯಾರೂ ತಡೆಯುವ ಹಾಗಿಲ್ಲ, ಅದನ್ನು ಜನರಿಗೆ ತಿಳಿಸಿ ಹೇಳಿ ಧೈರ್ಯ ಕೊಡುವುದೇ ನನ್ನ ಕೆಲಸ ಎಂದಿದ್ದೆ. ನನಗೆ ಆಗಲೇ ನಂಬಿಕೆ ಬಂದಿರಲಿಲ್ಲ. ನಿಮ್ಮಪ್ಪನ ವೀಸಾ ಹಿಡಿದುಕೊಂಡು ಈ ದೇಶಕ್ಕೆ ಬಂದವಳು ನಾನು. ಊಟದ ಡಬ್ಬಿ ಕಟ್ಟುವ ಅಂಗಡಿಯಲ್ಲಿ ಕ್ಯಾರೆಟ್ ಹೆಚ್ಚುವುದಕ್ಕೂ ವಲಸೆ ಕಚೇರಿಗೆ ಹೋಗಿ ಅನುಮತಿ ಕೇಳಿದವಳು. ಹಾಗಿರುವಾಗ ಯುರೋಪಿನ ಒಕ್ಕೂಟದ ಇಪ್ಪತ್ತೇಳು ದೇಶದ ಜನ ಯಾರನ್ನೂ ಕೇಳದೆ ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು ಎಂದರೆ ಹೇಗೆ ನಂಬಲಿ? ಹಾಗೆಲ್ಲ ಹೊರಟುಬಿಟ್ಟರೆ ಅವರ ತಾಯಂದಿರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದ್ದೆ. ನೀನು ನಕ್ಕಿದ್ದೆ. ಆಮೇಲೆ ನೀನೇ ಒಂದು ಮಾತು ಹೇಳಿದ್ದೆ: "ಅದು ಅಲ್ಲಿನ ಪ್ರಜೆಗಳಿಗೆ ಅಮ್ಮಾ. ನಾನು ಲಕ್ಸಂಬರ್ಗಲ್ಲಿ ಕೆಲ್ಸ ಹಿಡೀಬೇಕು ಅಂದ್ರೆ ಮತ್ತೆ ಹೊಸದಾಗಿ ಪರ್ಮಿಟ್ ಕೇಳ್ಬೇಕು." ಆ ಮಾತು ನನ್ನ ತಲೆಯಲ್ಲಿ ಉಳಿದಿತ್ತು.

ಮೇ ತಿಂಗಳ ನಡುವೆ ಮುಕುಂದರು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಸಭೆ ಕರೆದರು. ಕಾರು ಬಿಡಿಭಾಗದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರು, ಅವರ ಹೆಂಡತಿಯರು, ತಮಿಳಿನವರು, ತೆಲುಗಿನವರು ಎಲ್ಲ ಬಂದಿದ್ದರು. ಪರದೆಯ ಮೇಲೆ ಯುರೋಪಿನ ನಕ್ಷೆ ಹಾಕಿ, ಪೂರ್ವದ ಕಡೆಯ ಒಂದು ಸಣ್ಣ ದೇಶವನ್ನು ಬೆರಳಿನಿಂದ ಮುಟ್ಟಿ, "ಇಲ್ಲಿ ಒಂದು ಪರ್ಮಿಟ್ ಸಾಕು. ಮುಂದೆ ಜರ್ಮನಿನೋ ಹಾಲೆಂಡೋ, ನಿಮ್ಮಿಷ್ಟ. ಯಾರೂ ಕೇಳಲ್ಲ" ಎಂದರು. ಆಮೇಲೆ ಪರದೆಯ ಮೇಲೆ ನೀನು ಬಂದೆ. ನೀಲಿ ಕೋಟು, ಹಿಂದೆ ಎಳೆದು ಕಟ್ಟಿದ ಕೂದಲು. ಇಪ್ಪತ್ತೇಳು ದೇಶ, ಒಂದೇ ಉದ್ಯೋಗ ಮಾರುಕಟ್ಟೆ, ಗಡಿಗೆ ಹೆದರಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವಿಡಿಯೋ ಅಷ್ಟಕ್ಕೇ, ಮಾತಿನ ನಡುವೆಯೇ ನಿಂತಿತು. "ಇವರು ಯಾರು ಗೊತ್ತಾ? ನಮ್ಮ ಲೀಲಾವತಮ್ಮನವರ ಮಗಳು!" ಎಂದು ಮುಕುಂದರು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೊದಲು ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣ ತಲೆ ತಗ್ಗಿಸಿದೆ. ಆ ಜನ ಆಮೇಲೆ ನಂಬಿದ್ದು ಮುಕುಂದರನ್ನಲ್ಲ, ನನ್ನ ಮುಖವನ್ನು.

ಮಹಡಿಯ ಮೇಲಿನ ಮನೆಗೆ ಹೋದ ವರ್ಷ ಬಂದ ಯಾಮಿನಿಯ ಬಗ್ಗೆ ಹೇಳಿದ್ದೆನಲ್ಲ, ದಾವಣಗೆರೆಯವಳು. ಈಗ ಬಸುರಿ. ಅವಳ ಗಂಡ ಕಿರಣನಿಗೆ ಕಾರ್ಖಾನೆಯಲ್ಲಿ ಮೇಲಿನವರ ಜೊತೆ ಹೊಂದಾಣಿಕೆಯಿಲ್ಲ. ಸಭೆಯಾದ ಮಾರನೇ ದಿನವೇ ರಾಜೀನಾಮೆ ಕೊಡುತ್ತೇನೆ ಎಂದು ಹೊರಟ. ಇಲ್ಲಿ ಕೆಲಸ ಬಿಟ್ಟರೆ ವೀಸಾ ಹೆಚ್ಚು ಕಾಲ ನಿಲ್ಲುವುದಿಲ್ಲ. ಆ ಹುಡುಗಿ ಕೆಳಗಿಳಿದು ಬಂದು ನನ್ನ ಅಡುಗೆಮನೆಯಲ್ಲಿ ಕೂತು, "ಆಂಟಿ, ಸಾಹಿತ್ಯ ಅಕ್ಕನ ಕಡೆಯವ್ರೇ ತಾನೇ ಅವ್ರು? ಹಾಗಾದ್ರೆ ಭಯ ಇಲ್ಲ ಅಲ್ವಾ?" ಎಂದಳು. ನನ್ನ ಮಗಳನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡಿ ಎಂದೆ.

ಅದಕ್ಕೇ ಅವತ್ತು ನಿನಗೆ ಫೋನ್ ಮಾಡಿ ಮುಕುಂದ ಎನ್ನುವವರು ನಿನಗೆ ಗೊತ್ತಾ ಎಂದು ಕೇಳಿದ್ದು. ನೀನು "ಯಾವ ಮುಕುಂದ? ಅಮ್ಮಾ, ಮೀಟಿಂಗ್ ಬಂತು, ಆಮೇಲ್ ಮಾಡ್ತೀನಿ" ಎಂದೆ. ಮಾಡಲಿಲ್ಲ. ನೀನು ಚಿಕ್ಕವಳಿದ್ದಾಗ ಏನಾದರೂ ಮುಚ್ಚಿಡುವಾಗ ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಿದ್ದೆ. ಆಮೇಲೆ ಟ್ರಾಮ್ ನಿಲ್ದಾಣದಲ್ಲಿ ಮುಕುಂದರು ಸಿಕ್ಕಿದಾಗ, ನನ್ನ ಮಗಳ ಪರಿಚಯ ನಿಮಗೆ ಹೇಗೆ ಎಂದು ನೇರವಾಗಿ ಕೇಳಿದೆ. ಅವರು ತಮ್ಮ ಫೋನಿನಲ್ಲಿದ್ದ ಫೋಟೋ ತೋರಿಸಿದರು. ರಾಟರ್‌ಡ್ಯಾಮಿನ ಯಾವುದೋ ಉದ್ಯೋಗ ಮೇಳವಂತೆ. ನಿನ್ನ ಮಳಿಗೆಯ ಮುಂದೆ ನೀವಿಬ್ಬರೂ ನಿಂತು ನಗುತ್ತಿದ್ದೀರಿ. ಪುಟ್ಟಾ, ಆ ದಿನದಿಂದ ನನಗೆ ಅನುಮಾನ ಮುಕುಂದರ ಮೇಲಲ್ಲ, ನಿನ್ನ ಮೇಲೆ. ಈ ಮನುಷ್ಯ ಹೇಳುವುದು ಸುಳ್ಳು ಎನ್ನುವುದು ನಿನಗೆ ಗೊತ್ತಿದ್ದೂ ಸುಮ್ಮನಿದ್ದೀಯಾ? ಇದರಲ್ಲಿ ನಿನ್ನದೂ ಏನಾದರೂ ಇದೆಯಾ? ಕ್ಯಾರೆಟ್ ಹೆಚ್ಚುವಾಗಲೂ ಇದೇ ಯೋಚನೆ. ಜೊತೆಗೆ ಕೆಲಸ ಮಾಡುವ ಒಕಾದಾ ಸಾನ್ ನನ್ನ ಕೈಯಿಂದ ಚಾಕು ಇಸಿದುಕೊಂಡು, ಸ್ವಲ್ಪ ಹೊತ್ತು ಕೂತುಕೋ ಎಂದರು. ನಿಮ್ಮಪ್ಪನಿಗೆ ಹೇಳಿದರೆ "ಸುಮ್ನಿರೇ, ಒಳ್ಳೆಯವರು ಅವ್ರು. ನಿಂಗೆ ಎಲ್ಲಾದ್ರಲ್ಲೂ ಹುಳುಕೇ ಕಾಣತ್ತೆ" ಎಂದು ಟೀವಿ ಜೋರು ಮಾಡಿದರು.

ಹೋದ ಭಾನುವಾರ ಎರಡನೇ ಸಭೆ. ಹೊರಡುವವರು ಹೆಸರು ಕೊಟ್ಟು, ಪಾಸ್‌ಪೋರ್ಟ್ ಪ್ರತಿ, ಮುಂಗಡ ಎಲ್ಲ ಒಪ್ಪಿಸಬೇಕಿತ್ತು. ಕಿರಣ ಮುಂದಿನ ಸಾಲಿನಲ್ಲೇ ಕೂತಿದ್ದ, ನಿಮ್ಮಪ್ಪ ನನ್ನ ಪಕ್ಕದಲ್ಲಿದ್ದರು. ಮುಕುಂದರು ಆ ಮೇಳದ ಫೋಟೋವನ್ನು ಎಲ್ಲರಿಗೂ ತೋರಿಸಿ, ಮತ್ತೆ ನಿನ್ನ ವಿಡಿಯೋ ಹಾಕಿದರು, ಮತ್ತೆ ಅದೇ ಜಾಗದಲ್ಲಿ ನಿಂತಿತು. ನಾನು ಎದ್ದು, ಇದನ್ನು ಪೂರ್ತಿ ಹಾಕಿ ಎಂದೆ. "ಇಷ್ಟೇ ಇರೋದು ಅಮ್ಮಾ" ಎಂದರು. ಹಾಗಾದರೆ ಮಗಳನ್ನೇ ಕೇಳೋಣ ಎಂದು ಎಲ್ಲರೆದುರು ನಿನಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ. ನೀನು ಎತ್ತಲಿಲ್ಲ. ಅಲ್ಲಿ ಆಗ ಭಾನುವಾರ ಬೆಳಗ್ಗೆ, ನೀನು ಏಳುವ ಹೊತ್ತೇ. "ಪಾಪ, ಬ್ಯುಸಿ ಇರ್ತಾಳೆ ಬಿಡಿ" ಎಂದು ಮುಕುಂದರು ನಕ್ಕರು. ಕೆಲವರು ಜೊತೆಗೆ ನಕ್ಕರು. ಕಿರಣ ಹಿಂದಕ್ಕೆ ತಿರುಗಿ, "ಆಂಟಿ, ನಿಮ್ಮ ಮಗ್ಳು ಹೋಗಿ ಸೆಟ್ಲ್ ಆಗ್ಬಹುದು, ನಾವು ಹೋಗ್ಬಾರ್ದಾ?" ಎಂದ. ಆ ಮಾತು ನಾಟಿತು. ಅವನಲ್ಲೂ ತಪ್ಪಿಲ್ಲ.

ಆದರೂ ನಾನು ಕೂರಲಿಲ್ಲ. ಹೋಗಬಾರದು ಎಂದು ನಾನು ಹೇಳುತ್ತಿಲ್ಲ ಕಿರಣ, ಆದರೆ ಇವರು ಹೇಳುವ ಹಾಗೆ ಹೋಗಲಾಗುವುದಿಲ್ಲ ಎಂದೆ. ವಿಡಿಯೋದಲ್ಲಿ ಹೇಳುತ್ತಿರುವುದು ಆ ದೇಶಗಳ ಪ್ರಜೆಗಳಿಗೆ, ಅದನ್ನು ಹೇಳುತ್ತಿರುವ ನನ್ನ ಮಗಳೇ ಪಕ್ಕದ ದೇಶದಲ್ಲಿ ಕೆಲಸ ಬೇಕೆಂದರೆ ಹೊಸದಾಗಿ ಅನುಮತಿ ಕೇಳಬೇಕು ಎಂದೆ. ಹಿಂದಿನಿಂದ ಯಾರೋ "ನಿಮ್ಮ ಮಗಳೇ ಇವ್ರ ಜೊತೆ ಫೋಟೋದಲ್ಲಿದಾರಲ್ಲ ಆಂಟಿ?" ಎಂದರು. ಇದ್ದಾಳೆ, ಯಾಕೆ ಎಂದು ನನಗೂ ತಿಳಿಯದು ಎಂದೆ. ಆಮೇಲೆ ಬಾಯಿಗೆ ಬಂದದ್ದು ಇದು: "ನನ್ನ ಮಗಳು ಇವರ ಜೊತೆ ಇದ್ದರೆ, ನನ್ನ ಮಗಳನ್ನೂ ನಂಬಬೇಡಿ."

ಯಾಮಿನಿ ಎದ್ದು ಹೋಗಿ ಕಿರಣನ ಕೈಯಿಂದ ಪಾಸ್‌ಪೋರ್ಟುಗಳನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ಅವನು ಸಿಟ್ಟಿನಿಂದ ಹೊರಗೆ ನಡೆದ. ಒಬ್ಬೊಬ್ಬರೇ ಎದ್ದರು. ಸೋಮವಾರ ಯಾಮಿನಿ ತಾನೇ ಟೋಕಿಯೋದಲ್ಲಿರುವ ಆ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡಿ ಕೇಳಿದಳು. ಅವರ ಪರ್ಮಿಟ್ ಅವರ ದೇಶದ ಕೆಲಸಕ್ಕೆ ಮಾತ್ರವಂತೆ, ಅದೂ ಕೆಲಸ ಕೊಡುವ ಕಂಪನಿ ಯಾವುದೆಂದು ಮೊದಲೇ ಹೇಳಿದರೆ. ಮುಕುಂದರು ಹೇಳಿದ್ದ ಕಂಪನಿಯ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲವಂತೆ. ಆ ಮನುಷ್ಯ ಈಗ ಯಾರ ಫೋನನ್ನೂ ಎತ್ತುತ್ತಿಲ್ಲ. ಕಿರಣ ಕೆಲಸಕ್ಕೆ ಹೋಗುತ್ತಿದ್ದಾನೆ. ಲಿಫ್ಟಿನಲ್ಲಿ ಸಿಕ್ಕರೆ ನೆಲ ನೋಡುತ್ತಾನೆ, ಇರಲಿ. ಯಾಮಿನಿ ನಿನ್ನೆ ಬಂದು ನನ್ನ ಕೈ ಹಿಡಿದುಕೊಂಡು ಕೂತು ಹೋದಳು.

ನಿಮ್ಮಪ್ಪ ಮಾತ್ರ, ಹೆತ್ತ ಮಗಳನ್ನೇ ನಾಲ್ಕು ಜನರ ಮುಂದೆ ಬಿಟ್ಟುಕೊಟ್ಟೆ ಎಂದು ಅವತ್ತಿನಿಂದ ಮುಖ ಊದಿಸಿಕೊಂಡಿದ್ದಾರೆ. ಬಿಟ್ಟುಕೊಟ್ಟೆ, ನಿಜ. ಮತ್ತೆ ಅಂಥದೇ ಹೊತ್ತು ಬಂದರೆ ಹಾಗೇ ಮಾಡುತ್ತೇನೆ. ಆ ಹುಡುಗಿಯ ಹೊಟ್ಟೆಯಲ್ಲಿ ಮಗು ಇದೆ. ಆದರೆ ನಿನ್ನನ್ನು ಕೇಳದೆ ನನಗೆ ನೆಮ್ಮದಿಯಿಲ್ಲ. ಆ ಮನುಷ್ಯನಿಗೂ ನಿನಗೂ ಏನು ಸಂಬಂಧ? ನಿಜವನ್ನೇ ಬರೆ. ತಪ್ಪಿದ್ದರೂ ಬರೆ, ಬೈಯುವುದು ನನಗಿರಲಿ, ಬೇರೆಯವರು ಬೈಯದ ಹಾಗೆ ನೋಡಿಕೊಳ್ಳುತ್ತೇನೆ. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನನ್ನೇ ನೆನೆಯುತ್ತಾ,
ಅಮ್ಮ
(ಲೀಲಾವತಿ)

ವಿ.ಸೂ.: ಲಕೋಟೆಗೆ ಗೋಂದು ಹಚ್ಚುವಾಗ ಸ್ಟ್ಯಾಂಪ್ ಎಲ್ಲಿದೆ ಎಂದು ನಿಮ್ಮಪ್ಪನನ್ನು ಕೇಳಿದೆ. ಕಾಗದದಲ್ಲಿ ಏನು ಬರೆದಿದ್ದೀಯ ಎಂದರು, ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಈಗ ಎಲ್ಲ ಬಾಯಿಬಿಟ್ಟರು. "ಉದ್ಯೋಗ ಮೇಳದಲ್ಲಿ ಮೈಸೂರಿನವರೊಬ್ರು ಸಿಕ್ಕಿದ್ರು, ಜಪಾನಲ್ಲೇ ಇರೋದಂತೆ, ಅಮ್ಮಂಗೆ ಅಲ್ಲಿ ಒಂಟಿ ಅನ್ಸತ್ತೆ, ಹೋಗಿ ಮಾತಾಡಿಸ್ಕೊಂಡ್ ಬನ್ನಿ ಅಂತ ನಂಬರ್ ಕೊಟ್ಟೆ, ಅಮ್ಮಂಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾಳೆ" ಎಂದು ನೀನು ಅಪ್ಪನಿಗೆ ಮಾರ್ಚಿನಲ್ಲೇ ಹೇಳಿದ್ದೆಯಂತೆ. ಮಗಳು ಕಳಿಸಿದವರು ಎಂದ ಮೇಲೆ ಒಳ್ಳೆಯವರೇ ಇರುತ್ತಾರೆ ಎಂದುಕೊಂಡು ಈ ಮನುಷ್ಯ ಇಷ್ಟು ದಿನ ತುಟಿ ಬಿಚ್ಚಲಿಲ್ಲ. ಸಭೆಯಲ್ಲಿ ನಾನು ಒಬ್ಬಳೇ ಎದ್ದು ನಿಂತಾಗಲೂ ಬಿಚ್ಚಲಿಲ್ಲ. ಅವರ ಜೊತೆ ನಾನು ಆಮೇಲೆ ಮಾತಾಡುತ್ತೇನೆ. ನನಗೆ ತಿಳಿಯದ ಹಾಗೆ ನಂಬರ್ ಕೊಟ್ಟ ನಾಚಿಕೆಗೆ ನೀನು ಫೋನ್ ಎತ್ತಲಿಲ್ಲ ಎಂದು ಈಗ ತಿಳಿಯಿತು. ನನ್ನ ಅನುಮಾನ ಅರ್ಧ ಸರಿ, ಅರ್ಧ ತಪ್ಪು: ನೀನು ಮುಚ್ಚಿಟ್ಟಿದ್ದು ನಿಜ, ಮೋಸದಲ್ಲಿ ನಿನ್ನ ಪಾಲಿಲ್ಲ. ಬರೆದದ್ದನ್ನು ಹರಿಯುವುದಿಲ್ಲ, ಹಾಗೇ ಕಳಿಸುತ್ತಿದ್ದೇನೆ, ನೀನೂ ತಿಳಿದುಕೋ. ನಾನು ಒಂಟಿ ಎನ್ನುವುದು ಸುಳ್ಳಲ್ಲ ಕಣೇ. ಆದರೆ ಅದನ್ನು ಸಂತೆಯಲ್ಲಿ ಸಿಕ್ಕವರಿಗೆ ಹೇಳುವ ಬದಲು ನನ್ನನ್ನೇ ಕೇಳಬೇಕಿತ್ತು. ಆಗಸ್ಟಿನಲ್ಲಿ ರಜೆ ಹಾಕು, ನೀನೇ ಬಾ. ಟಿಕೆಟ್ ತೆಗೆದ ಕೂಡಲೇ ಫೋನ್ ಮಾಡು. ಅಪ್ಪನಿಗಲ್ಲ, ನನಗೆ.